ಪಶ್ಮಿ ನಾಯಿಯು ಮನೆನಾಯಿಯಾದೀತೇ?

ಜಾತ್ರೆಗೋ ಮದುವೆಗೋ ಬಾಗಲಕೋಟೆ, ವಿಜಯಪುರದ ಕಡೆಗೆ ಹೋದ ದೇಹೂ ರೋಡಿನ ಕುಟುಂಬಗಳು ಹಿಂದಿರುಗುವಾಗ ಜೋಳದ ಹಿಟ್ಟಿನ ಗಂಟಿನೊಡನೆ ಒಂದು ನಾಯಿಮರಿಯನ್ನೂ ತರಬೇಕೆಂದು ಆಸೆಪಡುವುದು ಸಹಜ. ಮಕ್ಕಳ ಒತ್ತಾಯವಂತೂ ಇದ್ದೇ ಇರುತ್ತದೆ. ಆ ಮರಿಯು ಪಶ್ಮಿ ಜಾತಿಯದಾದರೆ, ತರುವ ಮೊದಲು ಆಲೋಚಿಸತಕ್ಕ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮುಧೋಳ ನಾಯಿಯನ್ನು ಅರಿಯದ ಕನ್ನಡಿಗರು ವಿರಳ. ಮಹಾರಾಷ್ಟ್ರದಲ್ಲಿ ಅದಕ್ಕೆ ಕಾರವಾನಿ ಎಂದು ಹೆಸರು. ನುಣುಪು ಮೈಯ ಈ ನಾಯಿಗೆ ನೀಳಗೂದಲಿನ ಒಡಹುಟ್ಟು ಒಂದುಂಟು, ಅದೇ ಪಶ್ಮಿ. ಪಾರಸಿಯಲ್ಲಿ ‘ಪಶ್ಮ್’ ಎಂದರೆ ಉಣ್ಣೆ. ಇದರ ಕಿವಿ, ಬಾಲ ಮತ್ತು ಕಾಲುಗಳ ಹಿಂಬದಿಯಲ್ಲಿ ರೇಷ್ಮೆಯಂಥ ಕುಚ್ಚುಗೂದಲು ಇಳಿಬಿದ್ದಿರುತ್ತದೆ. ಅರಬರ ಸಲೂಕಿಯನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ನೆಲ ಮುಟ್ಟುವಷ್ಟು ಕೂದಲಿನ ಅಫ್ಘಾನ್ ನಾಯಿಯೂ ಇದೇ ಬಗೆಯದು. ಇವೆಲ್ಲ ಮೂಸಿ ಜಾಡು ಹಿಡಿಯುವುದಕ್ಕಿಂತ ಹೆಚ್ಚಾಗಿ, ಕಣ್ಣಿನಿಂದ ಕಂಡು ಬೆನ್ನಟ್ಟುವ ಬೇಟೆನಾಯಿಗಳು.

ನಮ್ಮ ನಾಡಿನಲ್ಲಿ ಬೇಟೆನಾಯಿಗೆ ಸಂದ ಗೌರವ ಹಳೆಯದು. ಹತ್ತನೆಯ ಶತಮಾನದ ಆತಕೂರಿನ ಶಾಸನವು, ಮಣಲೇರನೆಂಬ ವೀರನು ಅರಸನಿಂದ ಕೇಳಿ ಪಡೆದ ‘ಕಾಳಿ’ ಎಂಬ ನಾಯಿಯು ಹಂದಿಯೊಡನೆ ಕಾದಿ ಮಡಿದುದನ್ನು ಸಾರುತ್ತದೆ. ಮುಧೋಳದ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆಯಾಗಿತ್ತ ಸಂಗತಿ ಪ್ರಸಿದ್ಧವಾದುದು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಮುಧೋಳ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯದೆಯ ತರುವಾಯ ಬೇಟೆಯು ಅಪರಾಧವಾಯಿತು. ಅದು ಯೋಗ್ಯವೇ. ಆದರೆ ನಾಯಿಯ ಹಳೆಯ ಕಸುಬು ಮುಗಿಯಿತು; ಕಾವಲು ಮತ್ತು ಮನೆತನದ ಒಡನಾಟ ಇವೇ ಅದಕ್ಕೆ ಉಳಿದ ನೆಲೆಗಳು. ಆದುದರಿಂದ ಇಂದು ಪಶ್ಮಿಯನ್ನು ಮನೆಯಲ್ಲಿ ಸಾಕುವವರು ಅದರ ವಂಶವನ್ನೂ ಉಳಿಸಿದಂತಾಗುತ್ತದೆ.

ಮನೆನಾಯಿಯಾಗಿ ಅದರ ಗುಣಗಳೆಂಥವು? ಅದು ಗಂಭೀರ ಪ್ರಾಣಿ. ಬಂದವರ ಮೈಮೇಲೆಲ್ಲ ಹಾರಿ ಸಲಿಗೆ ತೋರುವುದು ಅದರ ರೀತಿಯಲ್ಲ. ತನ್ನವರಲ್ಲಿ ಗಾಢವಾದ ಪ್ರೀತಿ, ಹೊರಗಿನವರಲ್ಲಿ ಸಂಕೋಚ. ಓಡಾಟ ಸಾಕಷ್ಟಾದರೆ ಮನೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಮಲಗಿರುತ್ತದೆ. ಬೈಗುಳಕ್ಕೂ ಹೊಡೆತಕ್ಕೂ ಅದು ಕುಗ್ಗಿಹೋಗುತ್ತದೆ. ಮೃದುವಾದ ಮಾತಿಗೆ ಒಲಿಯುತ್ತದೆ. ಮಲಗಿದ ನಾಯಿಯನ್ನು ಎಳೆದಾಡಬಾರದೆಂದು ಮಕ್ಕಳಿಗೆ ಮೊದಲೇ ತಿಳಿಸುವುದು ಹಿರಿಯರ ಹೊಣೆ.

ಇನ್ನು ದೇಹೂ ರೋಡಿನ ಪರಿಸ್ಥಿತಿ. ಮುಂಬಯಿ–ಪುಣೆ ರೈಲುಮಾರ್ಗವೂ ಹಳೆಯ ಹೆದ್ದಾರಿಯೂ ಊರನ್ನು ಹಾಯ್ದುಹೋಗಿವೆ. ಬೆಕ್ಕೋ ಕೋಳಿಯೋ ಕಣ್ಣಿಗೆ ಬಿದ್ದೊಡನೆ ಪಶ್ಮಿಯು ಬಾಣದಂತೆ ಚಿಮ್ಮುತ್ತದೆ. ಆ ಕ್ಷಣದಲ್ಲಿ ಯಜಮಾನನ ಕೂಗು ಅದರ ಕಿವಿಗೆ ಬೀಳದು. ಹಳಿಯೋ ಲಾರಿಯೋ ಕಾಣದು. ಆದುದರಿಂದ ಬೀದಿಯಲ್ಲಿ ಹಗ್ಗವಿಲ್ಲದೆ ಅದನ್ನು ಬಿಡಲೇಬಾರದು. ಸುತ್ತಲೂ ಗೋಡೆ ಅಥವಾ ಬೇಲಿಯುಳ್ಳ ಬಯಲಿನಲ್ಲಿ ಮಾತ್ರ ಓಡಲು ಬಿಡಬೇಕು. ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ದಿನವಿಡೀ ಸರಪಳಿಗೆ ಕಟ್ಟಿಹಾಕುವುದಂತೂ ಆ ಪ್ರಾಣಿಗೆ ವಿಧಿಸಿದ ಸೆರೆಮನೆಯೇ ಸರಿ.

ಆರೈಕೆ ಕಠಿಣವಲ್ಲ, ತಪ್ಪಿಸುವಂತೆಯೂ ಇಲ್ಲ. ಅಫ್ಘಾನ್ ನಾಯಿಯ ಕೂದಲಿಗೆ ಬೇಕಾಗುವಷ್ಟು ಹೊತ್ತು ಪಶ್ಮಿಗೆ ಬೇಡ. ವಾರದಲ್ಲಿ ಎರಡು ಮೂರು ಸಲ ಬಾಚಿದರೆ ಸಾಕು. ಮಳೆಗಾಲದಲ್ಲಿ ಮಾತ್ರ ಕಿವಿ ಮತ್ತು ಕಾಲ್ಬೆರಳ ಸಂದುಗಳನ್ನು ದಿನವೂ ಒರೆಸಿ ಉಣ್ಣಿಯನ್ನು ತೆಗೆಯಬೇಕು. ಮೈಯಲ್ಲಿ ಕೊಬ್ಬು ಕಡಿಮೆಯಾದ ಕಾರಣ ಚಳಿಗಾಲದ ರಾತ್ರಿ ಹಾಸುಗಲ್ಲಿನ ಮೇಲೆ ಮಲಗಿಸದೆ ಒಂದು ಕಂಬಳಿ ಹಾಸಬೇಕು. ಪಕ್ಕೆಲುಬು ತುಸು ಕಾಣುವುದು ಇದರ ಸಹಜ ರೂಪ. ನೆರೆಯವರ ಮಾತು ಕೇಳಿ ತಿನ್ನಿಸಿ ಕೊಬ್ಬಿಸತಕ್ಕದ್ದಲ್ಲ. ಊಟವಾದೊಡನೆ ಓಡಿಸಬಾರದು. ರೇಬೀಸ್ ಲಸಿಕೆಯನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ಹಾಕಿಸಬೇಕು. ಶಸ್ತ್ರಚಿಕಿತ್ಸೆಯ ಪ್ರಸಂಗ ಬಂದರೆ, ಇದು ಬೇಟೆನಾಯಿಯ ಜಾತಿಯೆಂದು ವೈದ್ಯರಿಗೆ ಮುಂಚೆಯೇ ಹೇಳಬೇಕು. ಕೆಲವು ಅರಿವಳಿಕೆ ಮದ್ದುಗಳ ಅಮಲು ಇಂಥ ನಾಯಿಗಳಲ್ಲಿ ಬೇಗ ಇಳಿಯುವುದಿಲ್ಲ.

ಮರಿಯನ್ನು ತರುವವರು ತಾಯಿಯನ್ನು ಕಣ್ಣಾರೆ ಕಂಡು ತರುವುದು ಲೇಸು. ಎರಡು ತಿಂಗಳು ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿಯ ವಿಚಾರವಾಗಿ ಅಲ್ಲಿ ಕೇಳಿ ತಿಳಿಯಬಹುದು.

ಕಡೆಯದಾಗಿ ಒಂದು ಮಾತು. ಪರಸ್ಥಳದಲ್ಲಿ ನೌಕರಿ ಮಾಡುವವರಿಗೆ ವರ್ಗಾವಣೆ ತಪ್ಪಿದ್ದಲ್ಲ. ನಾಯಿಯ ಆಯುಸ್ಸಾದರೋ ೧೦–೧೨ ವರ್ಷ. ಸಾಮಾನು ಕಟ್ಟುವ ದಿನ ಅದನ್ನು ಬೀದಿಯಲ್ಲಿ ಬಿಟ್ಟುಹೋದರೆ, ಹೊರಗಿನವರಿಗೆ ಅಂಜುವ ಆ ಪ್ರಾಣಿಯು ಬೀದಿನಾಯಿಗಳ ನಡುವೆ ಬದುಕಲಾರದು. ಖಂಡೋಬನನ್ನೂ ಮೈಲಾರಲಿಂಗನನ್ನೂ ಒಂದೇ ದೇವರೆಂದು ನಂಬಿ, ಆತನ ಜೊತೆಗಿನ ನಾಯಿಗೂ ಕೈಮುಗಿಯುವ ನಮ್ಮ ಜನರು ಈ ಪಾಪಕ್ಕೆ ಒಳಗಾಗಬಾರದು. ದಿನಕ್ಕೊಂದು ಗಂಟೆ ಬಿಡುವು, ಬೇಲಿಯುಳ್ಳ ಬಯಲು, ಎಲ್ಲಿಗೆ ಹೋದರೂ ಜೊತೆಗೊಯ್ಯುವ ಮನಸ್ಸು—ಈ ಮೂರೂ ಉಳ್ಳವರು ಪಶ್ಮಿಯನ್ನು ಅವಶ್ಯವಾಗಿ ತರಲಿ. ಉಳಿದವರು ಅದನ್ನು ಊರಿನ ಹೊಲದಲ್ಲಿಯೇ ಇರಗೊಟ್ಟು, ರಜೆಗೆ ಹೋದಾಗ ಮಕ್ಕಳಿಗೆ ಅದರ ಓಟವನ್ನು ತೋರಿಸಿ ಬರಲಿ ಎಂಬುದು ನಮ್ಮ ವಿನಂತಿ.