ರೈಲಿಲ್ಲದ ಸೀಮೆಯ ಪುಟ್ಟ ಕೊಂಡಿಗಳು

ಮಧುಗಿರಿ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಹೊತ್ತಿಗೆ ಊರಿನ ಮೇಲೆ ಬಿಡತೊಡಗುತ್ತದೆ. ಬೆಟ್ಟದ ಬುಡದ ಬೀದಿಯಲ್ಲೊಂದು ಹೆಂಚಿನ ಮನೆ. ಜಗಲಿಯಲ್ಲಿ ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಾರೆ. ಆ ಟಕ್ ಟಕ್ ಸದ್ದನ್ನೂ ಮೂಗಿಗಡರುವ ಹುಳಿವಾಸನೆಯನ್ನೂ ದಾಟಿ ಒಳಗೆ ಬಂದರೆ, ನಡುಮನೆಯ ಉದ್ದನೆಯ ಮೇಜಿನ ಮೇಲೆ ಇನ್ನೊಂದು ಲೋಕ. ಗುಂಯ್ ಎನ್ನುತ್ತ ಅಂಗೈ ಉದ್ದದ ಇಂಜಿನ್ನೊಂದು ನೀಲಿ ಬೋಗಿಗಳನ್ನು ಎಳೆದುಕೊಂಡು ತಿರುವು ಬಳಸುತ್ತದೆ. ಸುಣ್ಣದ ಪುಡಿ, ಹಳೇ ಪೇಪರು, ಗೋಂದು ಕಲಸಿ ಕಟ್ಟಿದ ಗುಡ್ಡದ ಏರು ಹತ್ತುತ್ತದೆ. ಬೆಂಕಿಪೊಟ್ಟಣದ ರಟ್ಟಿನಲ್ಲಿ ಬರೆದ ಹಳದಿ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ: ಕೊರಟಗೆರೆ, ಮಧುಗಿರಿ, ಆಮೇಲೆ ಪಾವಗಡ. ಪಕ್ಕಕ್ಕೆ ಸರಿದುಹೋದ ಬೇರೊಂದು ಹಳಿಯ ಕೊನೆಗೆ ಶಿರಾ.

ಮಧುಗಿರಿ ದಾಟಿದ ಏರಿನಲ್ಲಿ ‘ಚಿಟ್’ ಎಂದಿತು. ಇಂಜಿನ್ನು ಎರಡೇ ಬೋಗಿ ಕಟ್ಟಿಕೊಂಡು ಪಾವಗಡದ ಕಡೆ ಓಡಿತು. ಉಳಿದವು ಒಂದು ಗಳಿಗೆ ತಡೆದು ನಿಂತು, ನಿಧಾನಕ್ಕೆ ಹಿಂದಕ್ಕೆ ಜಾರತೊಡಗಿದವು. ಮೊಮ್ಮಗಳು ಅಂಗೈ ಅಡ್ಡ ಇಟ್ಟಳು.

“ಯಾಕೆ ಬಿಟ್ಕೊಳ್ತು ತಾತ?”

“ಅದ್ನೇ ನೋಡ್ಬೇಕು ಕಣಮ್ಮ. ಮೊದ್ಲು ಕೈ ಹಾಕ್ಬೇಡ, ಬಗ್ಗಿ ನೋಡು.”

ತಾತ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಕನ್ನಡಕವನ್ನು ಹಣೆಗೇರಿಸಿ, ಗಲ್ಲ ಮೇಜಿಗೆ ತಾಗುವಷ್ಟು ಬಗ್ಗಿ, ಹಳಿಯ ಮಟ್ಟಕ್ಕೆ ಕಣ್ಣು ತಂದರು. ನೀವೂ ಹಾಗೇ ಬಗ್ಗಿ ನೋಡಿ. ಮೇಲಿನಿಂದ ಎಲ್ಲ ಕೊಂಡಿಗಳೂ ಒಂದೇ ಥರ ಕಾಣುತ್ತವೆ. ಹಳಿಯ ಮಟ್ಟದಿಂದ ನೋಡಿದಾಗ ಮಾತ್ರ ಮೂರನೇ ಬೋಗಿಯ ಕೊಂಡಿ ಮೂತಿ ಕೆಳಗೆ ಹಾಕಿಕೊಂಡಿರುವುದು ತಿಳಿಯುತ್ತದೆ. ಮಡಿಸಿದ ಬೆರಳುಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ಎರಡು ಕೈಗಳ ಹಾಗೆ ಈ ಕೊಂಡಿಗಳು ಹಿಡಿದುಕೊಳ್ಳುತ್ತವೆ. ಒಂದು ಕೊಂಚ ತಗ್ಗಿದರೆ ಸಾಕು, ಹಳಿಯ ಬೆಸುಗೆಯಲ್ಲಿ ಬೋಗಿ ಕುಣಿದಾಗ ಒಂದರ ಅಡಿಯಿಂದ ಇನ್ನೊಂದು ನುಣುಚಿಕೊಳ್ಳುತ್ತದೆ.

ಈ ಕೊಕ್ಕೆಗೆ 1873ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಈಲೈ ಜಾನಿ. ಅದಕ್ಕೆ ಮುಂಚೆ ಅಲ್ಲಿ ಆಳುಗಳು ಎರಡು ಡಬ್ಬಿಗಳ ನಡುವೆ ನಿಂತು ಕೈಯಾರೆ ಕೊಂಡಿಗೆ ಕೀಲು ಇಳಿಸಬೇಕಿತ್ತು. ಬೆರಳು ಕಳೆದುಕೊಂಡವರಿಗೆ, ಜೀವ ಕಳೆದುಕೊಂಡವರಿಗೆ ಕೊರತೆಯಿರಲಿಲ್ಲ. ತಾನೇ ಕಚ್ಚಿಕೊಳ್ಳುವ ಕೊಂಡಿ ಇರಲೇಬೇಕೆಂದು ಅಲ್ಲಿನ ಸರ್ಕಾರ ಕಾನೂನು ತಂದದ್ದು 1893ರಲ್ಲಿ. ನಮ್ಮ ಹಳೆಯ ನೀಲಿ ಐಸಿಎಫ್ ಬೋಗಿಗಳಲ್ಲಿ ಇದ್ದದ್ದು ತಿರುಪಿ ಬಿಗಿಮಾಡುವ ಸ್ಕ್ರೂ ಕಪ್ಲಿಂಗ್, ಪಕ್ಕಕ್ಕೆ ಎರಡು ಬಫರ್. ಆ ಬೋಗಿಗಳ ತಯಾರಿಕೆ 2018ರಲ್ಲಿ ನಿಂತಿತು. ಈಗಿನ ಎಲ್‌ಎಚ್‌ಬಿ ಬೋಗಿಗಳಲ್ಲಿರುವುದು ಜಾನಿಯ ಕೊಕ್ಕೆಯ ಕುಲಕ್ಕೇ ಸೇರಿದ್ದು. ತಾತನ ಮೇಜಿನ ಮೇಲೆ ಮಾತ್ರ ನೀಲಿ ಬೋಗಿಗೂ ಅದೇ ಕೊಕ್ಕೆ.

ಬೋಗಿಯನ್ನು ಮಡಿಸಿದ ಪಂಚೆಯ ಮೇಲೆ ಬೋರಲು ಮಲಗಿಸಿದರು. ಉದ್ದ ಒಂದು ಗೇಣು. ನಿಜವಾದ ಬೋಗಿ 21 ಮೀಟರಿಗೂ ಹೆಚ್ಚು. ಈ ಮಾದರಿಗಳ ಅಳತೆಯಂತೆ ಅದನ್ನು 87 ಪಾಲು ಮಾಡಿ ಒಂದು ಪಾಲು ತೆಗೆದುಕೊಂಡರೆ ಸುಮಾರು 24 ಸೆಂಟಿಮೀಟರ್. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರ್, ಚಿಮಟ, ಭೂತಗನ್ನಡಿ, ತುದಿ ಚೂಪು ಮಾಡಿದ ಪೆನ್ಸಿಲು, ಹಳೆಯ ಲಗ್ನಪತ್ರಿಕೆಯ ಒಂದು ಚೂರು. ಆಯುಧಗಳು ಇಷ್ಟೇ. ತಾತ ಉಗುರಿನ ತುದಿಯಿಂದ ಕೊಂಡಿಯನ್ನು ಎಡಕ್ಕೆ ತಳ್ಳಿ ಬಿಟ್ಟರು. ಅದು ಒಳಗಿನ ಸ್ಪ್ರಿಂಗಿನ ಬಲದಿಂದ ನಡುವಿಗೆ ಮರಳಿತು. ಮೇಲಕ್ಕೆ ಎತ್ತಿ ಬಿಟ್ಟರು, ಲೊಡ್ಡೆಂದು ಕುಸಿಯಿತು.

“ನೋಡ್ದಾ? ಪಕ್ಕಕ್ಕೆ ಆಡ್ಬೇಕು. ಮೇಲೆ ಕೆಳಗೆ ಆಡ್ಬಾರ್ದು.”

ಇಡೀ ಕೆಲಸದ ತಿರುಳು ಈ ಮಾತಿನಲ್ಲಿದೆ ಎಂದು ನನಗೆ ಅನಿಸಿತು. ಸಡಿಲವೆಂದ ಕೂಡಲೇ ನಮ್ಮ ಕೈ ಬಿಗಿಮಾಡಲು ಓಡುತ್ತದೆ, ಇಲ್ಲವೇ ಅಂಟಿನ ಟ್ಯೂಬು ಹುಡುಕುತ್ತದೆ. ಫೆವಿಕ್ವಿಕ್‌ನಂಥ ಅಂಟು ನೀರಿನ ಹಾಗೆ ಸಂದಿಗಿಳಿದು, ಆಡಬೇಕಾದ ಕೀಲನ್ನೇ ಹಿಡಿದುಬಿಡುತ್ತದೆ. ಹಾಗೆ ಮರಗಟ್ಟಿದ ಕೊಂಡಿ ನೇರ ದಾರಿಯಲ್ಲಿ ಸುಮ್ಮನಿರುತ್ತದೆ; ತಿರುವಿಗೆ ಬಂದಾಗ ಬೋಗಿಯನ್ನೇ ಹಳಿಯಿಂದಾಚೆ ದೂಡುತ್ತದೆ. ಕೊಂಡಿಗೆ ಒಂದಿಷ್ಟು ಆಟ ಬೇಕು. ಯಾವ ದಿಕ್ಕಿಗೆ ಎಷ್ಟು ಎಂಬುದೇ ಕಸುಬು.

ಕೊಂಡಿಯ ಪೆಟ್ಟಿಗೆಯನ್ನು ಹಿಡಿದಿರುವ ಸ್ಕ್ರೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ತಾತ ಅದನ್ನು ಬಿಗಿಯಾಗುವವರೆಗೆ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಟ್ಟರು. ಮೂತಿ ಅರ್ಧ ಮೇಲೆದ್ದಿತು. ಮಿಕ್ಕರ್ಧ ಪ್ಲಾಸ್ಟಿಕ್ಕಿನ ಸವೆತ. ಅದಕ್ಕೆ ಲಗ್ನಪತ್ರಿಕೆ. ಅಕ್ಕಿಕಾಳಿನಷ್ಟು ಚೂರು ಕತ್ತರಿಸಿ, ಪೆಟ್ಟಿಗೆಯೊಳಗೆ ಕೊಂಡಿಯ ಬಾಲದ ಕೆಳಗೆ ತೂರಿಸಿದರು. ಪೆನ್ಸಿಲಿನ ಸೀಸವನ್ನು ಕೆರೆದು ಕಪ್ಪುಪುಡಿ ಉದುರಿಸಿದರು. ಎಣ್ಣೆ ಹಾಕಿದರೆ ಧೂಳು ಕೂತು ಜಿಗಟಾಗುತ್ತದಂತೆ. ವರ್ಕ್‌ಶಾಪಿನಲ್ಲೂ ಹೀಗೇ, ಎಂದರು. ಚಕ್ರ ಸವೆದು ಬೋಗಿ ತಗ್ಗಿದರೆ ಸ್ಪ್ರಿಂಗಿನ ಕೆಳಗೆ ಪ್ಯಾಕಿಂಗ್ ರಿಂಗ್ ಕೂರಿಸಿ ಬಫರಿನ ಎತ್ತರ ಸರಿಮಾಡುತ್ತಾರೆ. ಅಲ್ಲಿ ಉಕ್ಕಿನ ಬಳೆ, ಇಲ್ಲಿ ಯಾರದೋ ಮದುವೆಯ ಕಾಗದ.

ಎತ್ತರ ನೋಡಲು ಹಳಿಯ ಮೇಲೆ ನಿಲ್ಲುವ ತಗಡಿನ ಅಳತೆಯೊಂದಿದೆ. ಹಳಿಯ ತಲೆಯಿಂದ ಕೊಂಡಿಯ ನಡುವಿಗೆ ಹತ್ತಿರ ಹತ್ತಿರ 10 ಮಿಲಿಮೀಟರ್ ಇರಬೇಕು. ಮೂರನೇ ಬೋಗಿ ಗೆದ್ದಿತು. ಆದರೂ ತಾತ ಅದನ್ನು ತಕ್ಕಡಿಗೆ ಹಾಕಿದರು. ಹಗುರ ಬೋಗಿ ಕುಣಿಯುತ್ತದೆ, ಕುಣಿದರೆ ಕೊಂಡಿ ಕಳಚುತ್ತದೆ. ಈ ಉದ್ದದ ಬೋಗಿ ಸುಮಾರು 165 ಗ್ರಾಂ ತೂಗಿದರೆ ಲಕ್ಷಣ. ಇದು ಕಮ್ಮಿ ಬಿತ್ತು. ಮುಚ್ಚಳ ತೆಗೆದು, ನೆಲಕ್ಕೆ ತಾಗುವ ಹಾಗೆ ಎರಡು ಕಬ್ಬಿಣದ ವಾಷರ್ ಅಂಟಿಸಿದರು. ಈ ಅಂಟು ಒಣಗುವವರೆಗೆ ಮೊಮ್ಮಗಳು ಕಡ್ಲೆಕಾಯಿ ಸುಲಿದಳು.

ಕೊಂಡಿಗಳ ಪೈಕಿ ಹೆಚ್ಚು ಭಾರ ಹೊರುವುದು ಇಂಜಿನ್ನಿಗೆ ಅಂಟಿದ್ದು, ಯಾಕೆಂದರೆ ಹಿಂದಿನದೆಲ್ಲ ಅದರ ಮೇಲೆ ಜಗ್ಗುತ್ತದೆ. ಅನುಮಾನದ ಬೋಗಿಯನ್ನು ಕೊನೆಗೆ ಕಟ್ಟಿ ಪಾರಾಗುವವರಿದ್ದಾರೆ. ತಾತನಿಗೆ ಅದು ಒಗ್ಗದು. ದುರಸ್ತಿಯಾದದ್ದನ್ನು ಇಂಜಿನ್ನಿನ ಬೆನ್ನಿಗೇ ಕಟ್ಟಿ ಏರು ಹತ್ತಿಸುತ್ತಾರೆ.

“ತಾತ, ಶಿರಾದಿಂದ ಪಾವಗಡಕ್ಕೆ ಒಂದೇ ರೈಲಲ್ಲಿ ಹೋಗಂಗಿಲ್ವಾ?”

“ಅದು ಬೇರೆ ಲೈನು ಕಣೇ.”

ಬೇರೆಯೇ. ಶಿರಾ ಇರುವುದು ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗದ ಮೂಲಕ ದಾವಣಗೆರೆಗೆ ಹೋಗುವ 191 ಕಿಲೋಮೀಟರ್ ಮಾರ್ಗದಲ್ಲಿ. ಅದು ಮಂಜೂರಾದದ್ದು 2011-12ರಲ್ಲಿ. ಕೊರಟಗೆರೆ, ಮಧುಗಿರಿ, ಪಾವಗಡದ್ದು ತುಮಕೂರು–ರಾಯದುರ್ಗ ಮಾರ್ಗ, ಉದ್ದ 207 ಕಿಲೋಮೀಟರ್, ಮಂಜೂರಾದದ್ದು 2007-08ರಲ್ಲಿ. ರಾಯದುರ್ಗದ ಕಡೆಯಿಂದ ಕದಿರಿದೇವರಪಲ್ಲಿಯವರೆಗೆ 63 ಕಿಲೋಮೀಟರ್ ಹಳಿ ಬಿದ್ದು ರೈಲು ಓಡಿದೆ. ಈ ಸೀಮೆಯ ಜನ ಮಾತ್ರ ಜಮೀನಿಗೆ ಗುರುತಿನ ಕಲ್ಲು ನೆಡುವುದನ್ನೂ ಮಣ್ಣು ಏರಿಹಾಕುವುದನ್ನೂ ವರ್ಷಗಟ್ಟಲೆ ನೋಡಿದ್ದಾರೆ. ಇಷ್ಟು ಕಾಯಿಸಬಾರದಿತ್ತು.

ನಾಲ್ಕನೇ ಬೋಗಿಯ ಸ್ಪ್ರಿಂಗ್ ಹಾರಿಹೋಗಿತ್ತು. ಹೊಸದನ್ನು ಕೂರಿಸಲು ತಾತ ಬೋಗಿ, ಚಿಮಟ, ಎರಡು ಕೈಯನ್ನೂ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿದರು. ಚಿಮ್ಮಿದರೂ ಚೀಲದಲ್ಲೇ ಬೀಳಲಿ ಎಂದು. ಎರಡು ಸಲ ಚಿಮ್ಮಿತು. ಮೂರನೇ ಸಲ ಕೂತಿತು. ಅಳತೆಯ ತಗಡು ಈಗ ಮೊಮ್ಮಗಳ ಕೈಯಲ್ಲಿ. ಅವಳು ಗಲ್ಲವನ್ನು ಮೇಜಿಗೆ ಆನಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು.

“ಕೂದಲೆಳೆಯಷ್ಟು ತಗ್ಗು ತಾತ.”

“ಹಂಗಾದ್ರೆ ಪತ್ರಿಕೆ ಕತ್ತರಿಸು. ಈ ಸಲ ನೀನೇ ತೂರ್ಸು.”