ಅಂಗಳದ ಚುಕ್ಕಿ, ಗಣಿತದ ಬಿಂದು

ಮಂಡ್ಯ ನಗರದ ಗುತ್ತಲಿನ ಮನೆಗಳಿಗೆ ನಾವು ಭೇಟಿ ನೀಡುವಾಗ ತಾಯಂದಿರಿಂದ ಕೇಳಿಬರುವ ಅಳಲುಗಳಲ್ಲಿ ಒಂದು ಮಾತ್ರ ವರ್ಷದಿಂದ ವರ್ಷಕ್ಕೆ ಬದಲಾಗಿಲ್ಲ: "ಎಲ್ಲಾ ಚೆನ್ನಾಗಿ ಓದ್ತಾಳೆ ಫಾದರ್, ಲೆಕ್ಕ ಒಂದು ತಲೆಗೆ ಹತ್ತಲ್ಲ." ಹೀಗೆ ಹೇಳುವ ಮನೆಯ ಬಾಗಿಲಿನಲ್ಲಿಯೇ, ಹಬ್ಬದ ದಿನ, ಆ ಮಗಳು 15 ಚುಕ್ಕಿಯ ರಂಗೋಲಿಯನ್ನು ಪುಸ್ತಕ ನೋಡದೆ ಬಿಡಿಸಿರುತ್ತಾಳೆ. ಲೆಕ್ಕ ಬಾರದ ಕೈ ಹಾಗೆ ಬಿಡಿಸಲಾರದು. ಚುಕ್ಕಿ ಇಡುವಾಗ ಸಾಲಿಗೆ ಎಷ್ಟು, ಎಷ್ಟು ಸಾಲು, ನೇರ ಚುಕ್ಕಿಯೋ ಸಂದು ಚುಕ್ಕಿಯೋ ಎಂಬುದೆಲ್ಲ ಅವಳಿಗೆ ಗೊತ್ತಿರಬೇಕು. ಒಂದು ಚುಕ್ಕಿ ತಪ್ಪಿದರೂ ಬಳ್ಳಿ ಕೂಡುವುದಿಲ್ಲ. "ಮೂರನೆ ಸಾಲಿನ ಐದನೆ ಚುಕ್ಕಿಯಿಂದ ಎಳೆ" ಎಂದು ಅಜ್ಜಿ ಹೇಳಿದರೆ ಅಷ್ಟೊಂದು ಚುಕ್ಕಿಗಳ ನಡುವೆ ಅವಳ ಬೆರಳು ತಪ್ಪದೆ ಒಂದೇ ಚುಕ್ಕಿಯ ಮೇಲೆ ಇಳಿಯುತ್ತದೆ. ಎರಡು ಸಂಖ್ಯೆ, ಒಂದು ಸ್ಥಾನ: ಗಣಿತದವರು 'ನಿರ್ದೇಶಾಂಕ' ಎಂದು ಕರೆಯುವುದು ಇದನ್ನೇ.

ಆದರೆ ಈ ಹೆಸರು ಅವಳ ಕಿವಿಗೆ ಬೀಳುವುದು ಪ್ರೌಢಶಾಲೆಯಲ್ಲಿ. ಅಷ್ಟರಲ್ಲಿ ಭಯ ಬೇರೂರಿರುತ್ತದೆ. ನಕ್ಷೆಯ ಹಾಳೆ, ಎಕ್ಸ್ ಅಕ್ಷ, ವೈ ಅಕ್ಷ, ಮೂಲಬಿಂದು ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಎರಡು ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸುವ ಲೆಕ್ಕವನ್ನು ಅನೇಕ ಮಕ್ಕಳು ಪಟ್ಟಿ ಮಾಡು, ಚುಕ್ಕಿ ಇಡು, ಗೆರೆ ಎಳೆ ಎಂದು ಮಂತ್ರದಂತೆ ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಆ ಎರಡು ಗೆರೆಗಳು ಕೂಡುವ ಜಾಗದಲ್ಲಿ ಉತ್ತರ ಏಕೆ ಇರಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾರೆ. 'ನನಗೆ ಲೆಕ್ಕ ಬರುವುದಿಲ್ಲ' ಎಂದು ಒಮ್ಮೆ ನಂಬಿದ ಹುಡುಗಿ ಮುಂದೆ ಯಾವ ಯಾವ ಓದಿನ ಬಾಗಿಲುಗಳನ್ನು ತಾನಾಗಿಯೇ ಮುಚ್ಚಿಕೊಳ್ಳುತ್ತಾಳೆ ಎಂಬುದನ್ನು ನಮ್ಮ ಕುಟುಂಬಗಳು ಬಲ್ಲವು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನಮಗೆ ಡೇಕಾರ್ಟ್ ಎಂದರೆ ಸಂಶಯದಿಂದ ಹೊರಟ ಚಿಂತಕ. ಅವನೊಡನೆ ವಾದಿಸುವುದೇ ನಮ್ಮ ಅಭ್ಯಾಸವಾಗಿತ್ತು. ಫ್ರಾನ್ಸಿನ ಲಾ ಫ್ಲೆಷ್‌ನಲ್ಲಿ ಯೇಸುಸಭೆಯ ಗುರುಗಳ ಕೈಕೆಳಗೆ ಕಲಿತ ಈತ 1637ರಲ್ಲಿ ತನ್ನ ತತ್ತ್ವಗ್ರಂಥಕ್ಕೆ ಅನುಬಂಧವಾಗಿ ರೇಖಾಗಣಿತದ ಒಂದು ಕೃತಿಯನ್ನು ಪ್ರಕಟಿಸಿ, ಗೆರೆಗಳನ್ನು ಸಮೀಕರಣಗಳ ಭಾಷೆಗೆ ತಂದನು. ಹಾಸಿಗೆಯಲ್ಲಿ ಮಲಗಿ ಚಾವಣಿಯ ಮೇಲಿನ ನೊಣವನ್ನು ನೋಡಿದಾಗ ಅವನಿಗೆ ಇದು ಹೊಳೆಯಿತೆಂಬ ಕಥೆ ಸೊಗಸಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ನಿಕೋಲ್ ಒರೆಮ್ ಎಂಬ ಧರ್ಮಪಂಡಿತ (ಮುಂದೆ ಲಿಸ್ಯೂವಿನ ಬಿಷಪರಾದವರು) ಚಲನೆಯ ಏರಿಳಿತವನ್ನು ಅಡ್ಡಗೆರೆಯ ಮೇಲೆ ನಿಲ್ಲಿಸಿದ ಲಂಬಗೆರೆಗಳಿಂದ ಚಿತ್ರಿಸಿ ತೋರಿಸಿದ್ದರು. ಇಷ್ಟು ದೊಡ್ಡವರ ಕೈಯಲ್ಲಿ ಬೆಳೆದ ವಿದ್ಯೆಯನ್ನು ನಾಲ್ಕನೆಯ ತರಗತಿಯ ಮಗುವಿಗೆ ಕೊಡುವುದು ಹೇಗೆ? ಆಟದ ಮೂಲಕ ಎಂಬುದು ನಮ್ಮ ಉತ್ತರ. ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ 'ನಲಿ-ಕಲಿ' ಕಿರಿಯ ತರಗತಿಗಳಲ್ಲಿ ಈ ದಾರಿಯನ್ನು ತೋರಿಸಿತು. ಮೇಲಿನ ತರಗತಿಗಳಿಗೆ ಹೋದಂತೆ ಆಟ ಹಿಂದೆ ಬೀಳುವುದು ಖೇದಕರ.

ಮೊದಲು ಒಂದು ತೊಡಕನ್ನು ಬಿಡಿಸಬೇಕು. ಚೌಕಾಬಾರದಲ್ಲಿ ಕಾಯಿ ಕೂರುವುದು ಮನೆಯೊಳಗೆ. ಹುಲಿ-ಕುರಿ ಆಟದಲ್ಲಿ ಕೂರುವುದು ಗೆರೆಗಳು ಕೂಡುವ ಕಡೆ. ಚದುರಂಗದ ಹಲಗೆಯೂ ಮನೆಗಳಿಗೇ ಹೆಸರಿಡುತ್ತದೆ. ಗಣಿತದ ನಕ್ಷೆಯಾದರೋ ಹುಲಿ-ಕುರಿಯ ಜಾತಿಗೆ ಸೇರಿದ್ದು: ಅಲ್ಲಿ ಸಂಖ್ಯೆ ಗೆರೆಯದು, ಮನೆಯದಲ್ಲ. ಇದನ್ನು ತಿಳಿಯದ ಮಗು ಚುಕ್ಕಿಯನ್ನು ಚೌಕದ ನಡುವೆ ಇಡುತ್ತದೆ. ಹುಲಿ-ಕುರಿ ಆಡಿಸಿದ ಮೇಲೆ ನಕ್ಷೆಯ ಹಾಳೆಯನ್ನು ಕೈಗೆ ಕೊಟ್ಟರೆ ಈ ಗೊಂದಲಕ್ಕೆ ಎಡೆಯಿರುವುದಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ಗುತ್ತಲಿನ ಒಂದು ಮನೆಯ ಜಗುಲಿಯ ಮೇಲೆ ಐದಾರು ಮಕ್ಕಳಿಗೆ ನಾವು ಆಡಿಸಿದ ಆಟವನ್ನು ಇಲ್ಲಿ ವಿವರಿಸುತ್ತೇವೆ. ಬೇಕಾದುದು ಚೌಕುಳಿ ಗೆರೆಯ ಲೆಕ್ಕದ ಪುಸ್ತಕ ಮತ್ತು ಪೆನ್ಸಿಲು. ಅಡ್ಡಕ್ಕೆ 0ಯಿಂದ 6, ಮೇಲಕ್ಕೆ 0ಯಿಂದ 6 ಎಂದು ಗೆರೆಗಳಿಗೆ ಸಂಖ್ಯೆ ಬರೆಯಿರಿ. ಒಬ್ಬಳು ಗೆರೆ ಕೂಡುವ ಒಂದು ಜಾಗದಲ್ಲಿ ಗುಟ್ಟಾಗಿ ಕುರಿಯನ್ನು ಅಡಗಿಸಲಿ, ಕುರಿ (4,3)ರಲ್ಲಿದೆ ಎನ್ನೋಣ. ಹುಡುಕುವವನು ಎರಡು ಸಂಖ್ಯೆ ಹೇಳುತ್ತಾನೆ: ಮೊದಲನೆಯದು ಅಡ್ಡಕ್ಕೆ, ಎರಡನೆಯದು ಮೇಲಕ್ಕೆ. ಅಲ್ಲಿಂದ ಕುರಿಗೆ ಗೆರೆಯ ಮೇಲೆ ನಡೆದರೆ ಕನಿಷ್ಠ ಎಷ್ಟು ಹೆಜ್ಜೆ ಎಂಬುದಷ್ಟನ್ನೇ ಅಡಗಿಸಿದವಳು ತಿಳಿಸಬೇಕು. ಓರೆಯಾಗಿ ಹಾರುವಂತಿಲ್ಲ.

ಹುಡುಕುವವನು (0,0) ಎಂದನು. "ಏಳು ಹೆಜ್ಜೆ." ಈಗ ಅವನು ಮೂಲೆಯಿಂದ ಏಳು ಹೆಜ್ಜೆ ದೂರವಿರುವ ಎಲ್ಲ ಜಾಗಗಳನ್ನೂ ಗುರುತಿಸಲಿ: (1,6), (2,5), (3,4), (4,3), (5,2), (6,1). ಹೇಳಿಕೊಡುವ ಮೊದಲೇ ಮಕ್ಕಳು ಕೂಗಿದರು, ಎಲ್ಲವೂ ಒಂದೇ ಓರೆಗೆರೆಯ ಮೇಲೆ ಸಾಲಾಗಿ ನಿಂತಿವೆ! ಮುಂದಿನ ಪ್ರಶ್ನೆ ಇನ್ನೊಂದು ಮೂಲೆಯಿಂದ, (6,0). "ಐದು ಹೆಜ್ಜೆ." ಈ ಸಲ (1,0)ದಿಂದ (6,5)ರವರೆಗೆ ಏರುವ ಮತ್ತೊಂದು ಓರೆಗೆರೆ ಮೂಡುತ್ತದೆ. ಎರಡೂ ಗೆರೆಗಳು (4,3)ರಲ್ಲಿ ಮಾತ್ರ ಕೂಡುತ್ತವೆ. ಕುರಿ ಬೇರೆಲ್ಲೂ ಇರಲಾರದು. ಪ್ರೌಢಶಾಲೆಯಲ್ಲಿ ಎರಡು ಸಮೀಕರಣಗಳನ್ನು ನಕ್ಷೆಯಿಂದ ಬಿಡಿಸುವುದೆಂದರೆ ಇದೇ. ಎರಡು ಸುಳಿವುಗಳಿಗೂ ಹೊಂದುವ ಜಾಗ ಒಂದೇ, ಆದ್ದರಿಂದ ಉತ್ತರ ಅಲ್ಲಿದೆ. ಒಂಬತ್ತು ವರ್ಷದ ಮಗು ಇದನ್ನು ಕುರಿಯ ಹೆಸರಿನಲ್ಲಿ ತಿಳಿದುಕೊಂಡರೆ ಸಾಕು, ಸಮೀಕರಣದ ಹೆಸರು ಆಮೇಲೆ ಬರಲಿ.

ಮಕ್ಕಳು ಪದೇ ಪದೇ ಎಡವುವುದು ಸಂಖ್ಯೆಗಳ ಕ್ರಮದಲ್ಲಿ. ಇದಕ್ಕೆ ನಮ್ಮ ರೂಢಿಯೂ ಸ್ವಲ್ಪ ಕಾರಣವೆಂದು ನಮಗೆ ತೋರುತ್ತದೆ. ರಂಗೋಲಿಯಲ್ಲಿ ನಾವು ಮೊದಲು ಸಾಲನ್ನು ಹೇಳಿ ಆಮೇಲೆ ಚುಕ್ಕಿಯನ್ನು ಹೇಳುತ್ತೇವೆ. ಗಣಿತ ಮೊದಲು ಅಡ್ಡಕ್ಕೆ ನಡೆಸಿ ಆಮೇಲೆ ಮೇಲಕ್ಕೆ ಹತ್ತಿಸುತ್ತದೆ. ಭೂಗೋಳದವರಂತೂ ರಂಗೋಲಿಯ ಪಕ್ಷ. ಮಂಡ್ಯ ಸುಮಾರು 12.5 ಡಿಗ್ರಿ ಉತ್ತರ, 76.9 ಡಿಗ್ರಿ ಪೂರ್ವ ಎನ್ನುವಾಗ ಅವರು ಮೇಲಕ್ಕೆ ಎಷ್ಟೆಂಬುದನ್ನೇ ಮೊದಲು ಹೇಳುತ್ತಾರೆ. ಅದಲು ಬದಲು ಮಾಡಿದರೆ ನಮ್ಮ ಮಂಡ್ಯ ಕಬ್ಬಿನ ಗದ್ದೆಗಳ ಸಮೇತ ಉತ್ತರ ಧ್ರುವದ ಕಡೆಯ ಕಡಲಿಗೆ ಬೀಳುತ್ತದೆ! ಯಾವುದು ಮೊದಲು ಎಂಬುದು ಸತ್ಯದ ಪ್ರಶ್ನೆಯಲ್ಲ, ಒಪ್ಪಂದದ ಪ್ರಶ್ನೆ. ಒಪ್ಪಿಕೊಂಡ ಮೇಲೆ ಮೀರಬಾರದು. ಇದನ್ನು ಮಗುವಿಗೆ ಬಿಡಿಸಿ ಹೇಳಬೇಕೇ ಹೊರತು ಗದರಬಾರದು.

ಕ್ರಮವನ್ನು ಕಲಿಸುವ ಒಗಟು ಒಂದಿದೆ. (2,1), (2,5), (5,8), (8,5), (8,1) ಬಿಂದುಗಳನ್ನು ಸಾಲಾಗಿ ಸೇರಿಸಿ ಮತ್ತೆ (2,1)ಕ್ಕೆ ಬನ್ನಿ. ಬಳಿಕ (5,8)ರಿಂದ (5,10)ಕ್ಕೆ, (4,9)ರಿಂದ (6,9)ಕ್ಕೆ ಗೆರೆ ಎಳೆಯಿರಿ. ಶಿಲುಬೆ ಹೊತ್ತ ದೇವಾಲಯ ಎದ್ದು ನಿಲ್ಲುತ್ತದೆ. ಪ್ರತಿ ಜೋಡಿಯಲ್ಲೂ ಸಂಖ್ಯೆಗಳನ್ನು ಹಿಂದುಮುಂದು ಮಾಡಿದ ಮಗುವಿನ ದೇವಾಲಯ ಬಲಕ್ಕೆ ಮಗುಚಿ ಮಲಗಿರುತ್ತದೆ. ಮಗು ನಗುತ್ತದೆ, ಅಳಿಸುತ್ತದೆ, ಮತ್ತೆ ಬರೆಯುತ್ತದೆ. ತಪ್ಪನ್ನು ತೋರಿಸಿದ್ದು ಚಿತ್ರ. ಕೆಂಪು ಶಾಯಿಯಲ್ಲ, ಬೈಗುಳವಲ್ಲ. ಆಟದ ದೊಡ್ಡ ಲಾಭ ಇದೆಂದೇ ನಮ್ಮ ಅಭಿಪ್ರಾಯ.

ಆಟವೊಂದೇ ಸಾಲದು ಎಂಬುದೂ ನಿಜ. ಬರೆದಿಡದೆ ಬಾಯಿಗೆ ಬಂದಂತೆ ಊಹಿಸುವ ಮಗು ಗೆದ್ದರೂ ಏನನ್ನೂ ಕಲಿತಿರುವುದಿಲ್ಲ. ಕೇಳಿದ ಪ್ರತಿ ಜೋಡಿಯನ್ನೂ, ಬಂದ ಉತ್ತರವನ್ನೂ ಹಾಳೆಯ ಮೇಲೆ ಗುರುತಿಸಲೇಬೇಕೆಂಬ ನಿಯಮವನ್ನು ಹಿರಿಯರು ಪಾಲಿಸಬೇಕು. ಮೊಬೈಲಿನಲ್ಲಿ ಇಂಥ ಆಟಗಳಿವೆಯಲ್ಲ ಎಂದು ತಂದೆಯಂದಿರು ಕೇಳುತ್ತಾರೆ. ಇರಬಹುದು. ಆದರೆ ಅಲ್ಲಿ ಚುಕ್ಕಿಯನ್ನು ಯಂತ್ರವೇ ಇಡುತ್ತದೆ, ಮಗುವಿನ ಬೆರಳು ಎಣಿಸುವುದಿಲ್ಲ. ಟ್ಯೂಷನ್ನಿಗೆಂದು ಹಣ ಹೊಂದಿಸುವ ಮನೆಗಳು ಮೊದಲು ರಾತ್ರಿ ಊಟಕ್ಕೆ ಮುಂಚಿನ ಅರ್ಧ ಗಂಟೆಯನ್ನು ಇದಕ್ಕೆ ಕೊಟ್ಟು ನೋಡಲಿ. ಅಕ್ಕ ಅಡಗಿಸಲಿ, ತಮ್ಮ ಹುಡುಕಲಿ, ಅಜ್ಜಿ ಹೆಜ್ಜೆ ಎಣಿಸಲಿ.

ಈ ವಾರ ಮನೆಯ ಮಕ್ಕಳಿಗೆ ಒಂದು ಒಗಟು. (1,5), (4,8), (8,5), (4,2) ಸೇರಿಸಿ (1,5)ಕ್ಕೆ ಮರಳಿ. ಆಮೇಲೆ (8,5), (10,7), (10,3) ಸೇರಿಸಿ (8,5)ಕ್ಕೆ ಮರಳಿ. ಒಂದು ಪ್ರಾಣಿ ಕಾಣುತ್ತದೆ. ಪ್ರತಿ ಜೋಡಿಯ ಎರಡನೆಯ ಸಂಖ್ಯೆಗೆ 2 ಕೂಡಿಸಿದರೆ ಅದು ಎತ್ತ ಹೋಗುತ್ತದೆ? ಹಾಗಲ್ಲದೆ, ಮೊದಲನೆಯ ಸಂಖ್ಯೆಯನ್ನು 11ರಿಂದ ಕಳೆದು ಬರೆದರೆ ಅದು ಯಾವ ಕಡೆಗೆ ಮುಖ ಮಾಡುತ್ತದೆ? ಉತ್ತರವನ್ನು ಮೊದಲು ಊಹಿಸಿ ಹೇಳಿದ ಮೇಲೆಯೇ ಪೆನ್ಸಿಲು ಹಿಡಿಯಬೇಕು.