ತೇರಿನ ಫೋಟೊ, ಬೇಸಿಗೆಯ ಗಾಳಿ: ಎಲ್ಲಿ ನಿಂತು ಕ್ಲಿಕ್ ಮಾಡ್ಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಜಿಗಣಿ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಹುಸ್ಕೂರು ಮದ್ದೂರಮ್ಮನ ಜಾತ್ರೆ ಹೊಸದೇನಲ್ಲ. ಆನೇಕಲ್ ತಾಲ್ಲೂಕಿನ ಸುತ್ತಲ ಹಳ್ಳಿಗಳಿಂದ ನೂರು ಅಡಿ ಮೀರಿದ ತೇರುಗಳು ಹುಸ್ಕೂರಿಗೆ ಬರ್ತವೆ. ಆ ದಿನ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ.

ಆದರೆ 2024ರ ಏಪ್ರಿಲ್‌ನಲ್ಲಿ ಇಂಥದ್ದೊಂದು ತೇರು ವಾಲಿ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಜೀವಹಾನಿ ಆಗಲಿಲ್ಲ. 2025ರ ಮಾರ್ಚ್ 22ರಂದು ಗಾಳಿ ಮಳೆಗೆ ಮತ್ತೆ ತೇರುಗಳು ಉರುಳಿದವು. ಆ ಸಲ ಸಾವು ಸಂಭವಿಸಿತು, ಹಲವರು ಗಾಯಗೊಂಡರು. ಹಾಗಾಗಿ ಇವತ್ತು ಬೆಳಕಿನ ಜೊತೆಗೆ ಗಾಳಿಯ ಬಗ್ಗೆಯೂ ಮಾತಾಡೋಣ. ಜಾತ್ರೆ ಫೋಟೊಗೆ ಎರಡೂ ಬೇಕು.

ಮೊದಲು ಬಿಸಿಲು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ. ಅವತ್ತು ನೆಟ್ಟಗೆ ನಿಂತ ಕಂಬಕ್ಕೂ ಒಂದು ಕ್ಷಣ ನೆರಳಿರಲ್ಲ. ಜಾತ್ರೆ ದಿನಗಳಲ್ಲೂ ಹೆಚ್ಚು ಕಮ್ಮಿ ಅದೇ ಕಥೆ. ಬೆಳಕು ಮೇಲಿಂದ ಸುರಿಯುತ್ತೆ, ಕಣ್ಣಿನ ಗುಳಿಯಲ್ಲಿ ಕಪ್ಪು, ಹಣೆ ಮೇಲೆ ಬಿಳುಪು. ಇದಕ್ಕೆ ಫಿಲ್ಟರ್ ಪರಿಹಾರ ಅಲ್ಲ. ಸ್ನೇಹಿತರನ್ನು ಚಪ್ಪರದ ನೆರಳಿನ ಅಂಚಿಗೆ ಕರ್ಕೊಂಡು ಬನ್ನಿ, ಮುಖ ಬಯಲಿನ ಕಡೆಗಿರಲಿ. ಎದುರಿಗೆ ಬಿಸಿಲು ಬಿದ್ದ ಬಿಳಿ ಗೋಡೆ ಇದ್ದರಂತೂ ಅದೇ ಪುಕ್ಕಟೆ ಲೈಟು. ಗ್ರಾನೈಟ್ ಫ್ಯಾಕ್ಟರಿಗಳ ಜಿಗಣಿಯಲ್ಲಿ ಇದ್ದವರಿಗೆ ಗೊತ್ತಿರುತ್ತೆ, ಬಿಳಿ ಕಲ್ಲಿನ ಚಪ್ಪಡಿ ಮುಂದೆ ನಿಂತರೆ ಮುಖ ಎಷ್ಟು ಬೆಳಗುತ್ತೆ ಅಂತ.

ಸಂಜೆ ಬೆಳಕು ಚೆನ್ನ, ಆದರೆ ನಮ್ಮಲ್ಲಿ ಅದು ಬೇಗ ಮುಗಿಯುತ್ತೆ. ಸಮಭಾಜಕ ವೃತ್ತಕ್ಕೆ ಹತ್ತಿರ ಇರೋದ್ರಿಂದ ಸೂರ್ಯ ಹೆಚ್ಚು ಕಮ್ಮಿ ನೇರವಾಗಿ ಇಳೀತಾನೆ. ದಿಗಂತದಿಂದ 10 ಡಿಗ್ರಿ ಮೇಲಿದ್ದವನು ಮುಳುಗೋಕೆ 40 ನಿಮಿಷ ಸಾಕು. ಮಾರ್ಚ್ ಕೊನೆಗೆ ಸೂರ್ಯಾಸ್ತ ಆರೂವರೆ ಹೊತ್ತಿಗೆ. ಅಂದ್ರೆ ಐದೂಮುಕ್ಕಾಲಿಗೇ ಜಾಗ ಹಿಡಿದಿರಬೇಕು. ಲೆನ್ಸ್ ಮೇಲಿನ ಧೂಳು ಒರೆಸಿ, ತೇರಿನ ಬೆಳಕು ಬಿದ್ದ ಭಾಗದ ಮೇಲೆ ಬೆರಳು ಒತ್ತಿ ಹಿಡೀರಿ. ಸಾಮಾನ್ಯವಾಗಿ ಫೋಕಸ್ ಲಾಕ್ ಆಗಿ ಪಕ್ಕದಲ್ಲಿ ಒಂದು ಸೂರ್ಯನ ಗುರುತು ಬರುತ್ತೆ. ಅದನ್ನು ಸ್ವಲ್ಪ ಕೆಳಗೆ ಎಳೆದರೆ ಬಟ್ಟೆಯ ಬಣ್ಣ ಉಳಿಯುತ್ತೆ.

ಈಗ ಮುಖ್ಯ ವಿಷಯ. ಬೇಸಿಗೆ ಸಂಜೆ ಒಂದು ಕಡೆ ಕಾಡಿಗೆಯಂಥ ಮೋಡ, ಇನ್ನೊಂದು ಕಡೆಯಿಂದ ಇಳಿಬಿಸಿಲು ಬಂದು ತೇರು ಚಿನ್ನದ ಹಾಗೆ ಹೊಳೆಯುತ್ತೆ. ಇಡೀ ವರ್ಷದ ಒಳ್ಳೇ ಫೋಟೊ ಅದೇ. ಅಪಾಯದ ಮೊದಲ ಸೂಚನೆಯೂ ಅದೇ! ಗುಡುಗು ಮೋಡದೊಳಗೆ ಮಳೆಯಿಂದ ತಂಪಾದ ಗಾಳಿ ಭಾರವಾಗಿ ಕೆಳಗೆ ಬಿದ್ದು, ನೆಲ ಮುಟ್ಟಿ ಸುತ್ತಲೂ ಹರಡುತ್ತೆ. ಹನಿ ಬೀಳೋ ಮೊದಲೇ ಅದು ನಮ್ಮನ್ನು ತಲುಪಬಹುದು. ಸೆಕೆ ಇದ್ದದ್ದು ಇದ್ದಕ್ಕಿದ್ದಂತೆ ತಣ್ಣಗಾಯ್ತು, ಧೂಳು ಎದ್ದಿತು ಅಂದ್ರೆ ಗಾಳಿ ಬಂದೇಬಿಟ್ಟಿತು ಅಂತ ಲೆಕ್ಕ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತೆ. ಎತ್ತರಕ್ಕೆ ಕಟ್ಟಿದ ಬಟ್ಟೆಯೆಲ್ಲ ಹಾಯಿಯಂತೆ ಗಾಳಿ ಹಿಡಿಯುತ್ತೆ.

ಹಾಗಾದರೆ ಎಲ್ಲಿ ನಿಲ್ಲೋದು? ತೇರಿನ ಎತ್ತರದ ಒಂದೂವರೆ ಪಟ್ಟು ದೂರ ಇಟ್ಕೊಳ್ಳಿ. 100 ಅಡಿ ತೇರಿಗೆ 150 ಅಡಿ, ಅಂದರೆ ಸುಮಾರು 60 ಹೆಜ್ಜೆ. ಇದು ಫೋಟೊಗೂ ಒಳ್ಳೇದೇ. ಬುಡದಲ್ಲಿ ನಿಂತು ಫೋನ್ ಮೇಲೆತ್ತಿದರೆ ತೇರು ಹಿಂದಕ್ಕೆ ಬಾಗಿದ ಹಾಗೆ, ತುದಿ ಚೂಪಾದ ಹಾಗೆ ಕಾಣುತ್ತೆ. ದೂರದಿಂದ ತೆಗೆದರೆ ನೆಟ್ಟಗೆ ನಿಲ್ಲುತ್ತೆ, ಕೆಳಗೆ ಹಗ್ಗ ಎಳೆಯೋ ಜನರೂ ಬರ್ತಾರೆ. ಆ ಜನ ಫ್ರೇಮಲ್ಲಿ ಇದ್ದರೆ ಮಾತ್ರ ತೇರು ಎಷ್ಟು ದೊಡ್ಡದು ಅಂತ ನೋಡಿದವರಿಗೆ ಗೊತ್ತಾಗೋದು. ಕರೆಂಟ್ ತಂತಿಯ ಕೆಳಗೆ, ಮರದ ಕೆಳಗೆ ನಿಲ್ಲಬೇಡಿ. ಹಿಂದೆ ಓಡೋಕೆ ದಾರಿ ಇದೆಯಾ ನೋಡ್ಕೊಳ್ಳಿ.

ಮಿಂಚು ಕಂಡರೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು ಮೂರು ಸೆಕೆಂಡ್. ಒಂಬತ್ತು ಎಣಿಸೋದ್ರಲ್ಲಿ ಗುಡುಗಿದರೆ ಸಿಡಿಲು ಮೂರೇ ಕಿಲೋಮೀಟರ್ ದೂರ. ಗುಡುಗು ಕೇಳಿದ್ರೇ ಸಾಕು, ಫೋನ್ ಜೇಬಿಗೆ ಹಾಕಿ ಪಕ್ಕಾ ಕಟ್ಟಡದೊಳಗೆ ಅಥವಾ ಕಾರಿನೊಳಗೆ ಹೋಗಿ. ಹೊರಡೋ ಮೊದಲು ‘ದಾಮಿನಿ’ ಆ್ಯಪ್ ಹಾಕ್ಕೊಂಡಿದ್ದರೆ ಸಿಡಿಲಿನ ಮುನ್ಸೂಚನೆ ಅದರಲ್ಲೇ ಸಿಗುತ್ತೆ.

ರಾತ್ರಿ ದೀಪಾಲಂಕಾರಕ್ಕೆ ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗ್ತವೆ. ಕಣ್ಣಿಗೆ ಕಾಣಲ್ಲ, ಫೋನಿಗೆ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತೆ. ಫ್ಲ್ಯಾಷ್ ಆಫ್ ಮಾಡಿ. ಅದರ ಬೆಳಕು ಕೆಲವೇ ಅಡಿ ಹೋಗೋದು, ತೇರು ಮುಟ್ಟಲ್ಲ.

ಕೊನೆಗೆ ಇಷ್ಟೇ: ಮೋಡ ಕಪ್ಪಾಗಿ ತೇರು ಹೊಳೆಯೋಕೆ ಶುರುವಾದಾಗ ಎಲ್ಲರೂ ಮುಂದೆ ನುಗ್ತಾರೆ. ನೀವು ಹಿಂದಕ್ಕೆ ನಡೀರಿ, ಪಕ್ಕದವರನ್ನೂ ಕರೀರಿ. ಒಳ್ಳೇ ಫೋಟೊ ಸಿಗೋದೂ ಅಲ್ಲಿಂದಲೇ. ಮತ್ತೆ ಸಿಗೋಣ.